ಕಾರಿನ ಹೊಟ್ಟೆಯ ಕೆಳಗೆ

ಮೇ ತಿಂಗಳ ಕೊನೆಯ ವಾರ. ಉಡುಪಿಯಿಂದ ಕುಂದಾಪುರಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿ 66ರ ಬದಿಯ ಒಂದು ಗ್ಯಾರೇಜು. ಬೆಳಗ್ಗೆ ಒಂಬತ್ತಕ್ಕೇ ಅಂಗಿ ಬೆನ್ನಿಗೆ ಅಂಟಿದೆ. ಮೇಸ್ತ್ರಿ ಗುಂಡಿ ಒತ್ತುತ್ತಾರೆ, ಲಿಫ್ಟ್ ಒಮ್ಮೆ ನರಳಿ ಬಿಳಿ ಕಾರನ್ನು ಮೇಲೆತ್ತುತ್ತದೆ. ಇನ್ನು ನೀವು ತಲೆ ಎತ್ತಿ ನಿಲ್ಲಬೇಕು. ಮೇಲಿಂದ ಫಳಫಳ ಹೊಳೆಯುವ ಕಾರಿನ ಹೊಟ್ಟೆ ಇಲ್ಲಿಂದ ಬೇರೆಯೇ ಕಾಣುತ್ತದೆ. ಚಕ್ರದ ಮೇಲ್ಕಮಾನಿನಲ್ಲಿ ಕೆಮ್ಮಣ್ಣು ಗಟ್ಟಿಯಾಗಿದೆ, ವೆಲ್ಡಿಂಗಿನ ಅಂಚುಗಳಲ್ಲಿ ಕೆಂಪು ಗೆರೆ ಎದ್ದಿದೆ, ರನ್ನಿಂಗ್ ಬೋರ್ಡಿನ ಕೆಳಗೆ ಪೇಂಟು ಗುಳ್ಳೆಗುಳ್ಳೆಯಾಗಿದೆ.

ಕಾರಿನ ಯಜಮಾನರು ನಿವೃತ್ತ ಅಧ್ಯಾಪಕರು. ತಳಕ್ಕೆ ತುಕ್ಕು ತಡೆಯುವ ಕಪ್ಪು ಲೇಪ ಹೊಡೆಸಲು ಬಂದಿದ್ದಾರೆ. "ಇದರ ಮೇಲೆಯೇ ಕಪ್ಪು ಹೊಡೆದುಬಿಡು ಮಾರಾಯ, ಮಧ್ಯಾಹ್ನ ಊಟಕ್ಕೆ ಮನೆಗೆ ಹೋಗಬೇಕು" ಎನ್ನುತ್ತಾರೆ.

"ಹಾಗೆ ಹೊಡೆದರೆ ಆಗುದಿಲ್ಲ ಮಾಷ್ಟ್ರೆ. ಮೇಲೆ ಚಂದ ಕಾಣ್ತದೆ, ಒಳಗೆ ತಿಂತಾ ಹೋಗ್ತದೆ. ನಾಳೆ ಬನ್ನಿ."

ಮೇಸ್ತ್ರಿ ಸ್ಕ್ರೂಡ್ರೈವರಿನ ಹಿಡಿಯಿಂದ ಕಾರಿನ ತಳದ ತಗಡು ತಟ್ಟುತ್ತಾ ಸಾಗುತ್ತಾರೆ. ಟಣ್, ಟಣ್, ಟಣ್. ಜಾಕ್ ಕೊಡುವ ಜಾಗದ ಹತ್ತಿರ ಸದ್ದು ಮಂಕಾಗುತ್ತದೆ. ತಗಡು ಅಲ್ಲಿ ತೆಳುವಾಗಿದೆ. ತೂತು ಬಿದ್ದಿದ್ದರೆ ಮೊದಲು ಟಿಂಕರಿಂಗ್‌ನವರ ಕೆಲಸ. ಅದೃಷ್ಟಕ್ಕೆ ಇನ್ನೂ ಬಿದ್ದಿಲ್ಲ.

ಕರಾವಳಿಯಲ್ಲಿ ಇದೇನೂ ಅಚ್ಚರಿಯಲ್ಲ. ವರ್ಷಕ್ಕೆ 3,500 ಮಿ.ಮೀ. ಮೀರುವ ಮಳೆ, ಉಳಿದ ತಿಂಗಳಲ್ಲಿ ಕಡಲ ಗಾಳಿ. ಮರವಂತೆಯಲ್ಲಂತೂ ಇದೇ ಹೆದ್ದಾರಿಯ ಒಂದು ಬದಿ ಸಮುದ್ರ, ಇನ್ನೊಂದು ಬದಿ ಸೌಪರ್ಣಿಕಾ ನದಿ. ಇದು ಸಾಲದೆಂದು ಮೀನಿನ ಲಾರಿಗಳು ದಾರಿಯುದ್ದಕ್ಕೂ ಉಪ್ಪುನೀರು ಸುರಿಸಿಕೊಂಡು ಹೋಗುತ್ತವೆ. ಹಿಂದೆ ಬರುವ ಕಾರು ಅದನ್ನು ಹೊಟ್ಟೆಗೆ ಚಿಮುಕಿಸಿಕೊಳ್ಳುತ್ತದೆ. ಕಬ್ಬಿಣಕ್ಕೆ ತುಕ್ಕು ಹಿಡಿಯಲು ನೀರು, ಆಮ್ಲಜನಕ ಎರಡಿದ್ದರೆ ಸಾಕು. ಉಪ್ಪು ಸೇರಿದರೆ ಕೆಲಸ ಚುರುಕಾಗುತ್ತದೆ. ಅದು ತುಕ್ಕಿನ ಕ್ರಿಯೆಗೆ ಬೇಕಾದ ವಿದ್ಯುತ್ ನೀರಿನಲ್ಲಿ ಸುಲಭವಾಗಿ ಹರಿಯುವಂತೆ ಮಾಡುವುದಲ್ಲದೆ ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ. ಹಾಗಾಗಿ ಮಳೆಯಿಲ್ಲದ ದಿನವೂ ಮೂಲೆ ಒದ್ದೆ. ತುಕ್ಕಿಗೆ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಕು. ಅದು ಉಬ್ಬಿದಾಗಲೇ ಪೇಂಟು ಗುಳ್ಳೆ ಎದ್ದು ಒಡೆಯುವುದು.

ಈಗ ನೀರಿನ ಜೆಟ್ ಶುರು. ನೀವು ನಾಲ್ಕು ಹೆಜ್ಜೆ ಹಿಂದೆ ಸರಿಯಿರಿ. ಮಣ್ಣಿನ ಹೆಂಟೆಗಳು ದೊಪ್ಪನೆ ಬೀಳುತ್ತವೆ, ಜೊತೆಗೆ ಕೊಳೆತ ಎಲೆ, ಎಲ್ಲಿಂದಲೋ ಬಂದ ತೆಂಗಿನ ನಾರು. ತೊಳೆದಾದ ಮೇಲೆ ಗ್ಯಾರೇಜಿನ ಹುಡುಗ ಕಂಪ್ರೆಸರಿನ ಗಾಳಿ ಹಿಡಿದು ಸಂದಿಗೊಂದಿಗಳಿಂದ ನೀರು ಹಾರಿಸುತ್ತಾನೆ. ಇಷ್ಟು ಸಾಲದು. ಗಂಟೆಗಟ್ಟಲೆ ಒಣಗಬೇಕು, ತೇವದ ಮೇಲೆ ಬಳಿದರೆ ಕಪ್ಪು ಪದರ ಆ ನೀರನ್ನು ಒಳಗೇ ಕೂಡಿಹಾಕುತ್ತದೆ. ಅರ್ಜೆಂಟಿನ ಗ್ಯಾರೇಜುಗಳಲ್ಲಿ ಕೆಲಸ ಕೆಡುವುದು ಇಲ್ಲೇ.

ಮಧ್ಯಾಹ್ನದ ಮೇಲೆ ವೈರ್ ಬ್ರಷ್. ಕರ್ರ್ ಕರ್ರ್ ಸದ್ದಿಗೆ ಹಲ್ಲು ಜುಮ್ಮೆನ್ನುತ್ತದೆ, ಕೆಂಪು ಪುಡಿ ಉದುರಿ ಹುಡುಗನ ಹುಬ್ಬೆಲ್ಲ ಕಾವಿ ಬಣ್ಣ. ಬಿಡದೆ ಉಳಿದ ಕಲೆಗಳಿಗೆ ಫಾಸ್ಫಾರಿಕ್ ಆಮ್ಲದ ದ್ರಾವಣ ಸವರುತ್ತಾನೆ. ಕೆಂಪು ನಿಧಾನವಾಗಿ ಕಪ್ಪಾಗುತ್ತದೆ. ಒರೆಸಿ, ಒಣಗಿಸಿ, ಬರಿ ತಗಡಿಗೆ ಪ್ರೈಮರ್. ಆ ದಿನದ ಕೆಲಸ ಅಲ್ಲಿಗೆ ಮುಗಿಯಿತು. ಮಾಷ್ಟ್ರು ಗೊಣಗುತ್ತಾ ಬಸ್ಸು ಹಿಡಿಯುತ್ತಾರೆ.

ಮರುದಿನ ಮೊದಲು ಹಳೆ ಪೇಪರು, ಮಾಸ್ಕಿಂಗ್ ಟೇಪು. ಬಳಿಯುವ ಜಾಗಕ್ಕಿಂತ ಬಳಿಯಬಾರದ ಜಾಗವನ್ನು ಮುಚ್ಚುವುದಕ್ಕೇ ಹೆಚ್ಚು ಹೊತ್ತು ಹಿಡಿಯುತ್ತದೆ. ಸೈಲೆನ್ಸರ್ ಪೈಪಿನ ಮೇಲೆ ಬಿದ್ದರೆ ಬಿಸಿಗೆ ಹೊಗೆಯಾಡುತ್ತದೆ, ಬೆಂಕಿಯ ಭಯವೂ ಉಂಟು. ಬ್ರೇಕ್ ಡಿಸ್ಕಿಗೆ ತಾಗಿದರೆ ಬ್ರೇಕ್ ಹಿಡಿಯುವುದಿಲ್ಲ. ಎಂಜಿನ್, ಆಕ್ಸಲ್ ಶಾಫ್ಟ್, ಸೆನ್ಸರುಗಳು ಎಲ್ಲ ಪೇಪರು ಹೊದ್ದು ಕೂರುತ್ತವೆ. ನೀರು ಹೋಗುವ ಸಣ್ಣ ತೂತುಗಳಿಗೆ ಮೇಸ್ತ್ರಿ ಒಂದೊಂದಾಗಿ ಕಡ್ಡಿ ಸಿಕ್ಕಿಸುತ್ತಾರೆ. ಅವು ಮುಚ್ಚಿಹೋದರೆ ನೀರು ರನ್ನಿಂಗ್ ಬೋರ್ಡಿನೊಳಗೇ ನಿಂತು ಒಳಗಿನಿಂದ ತಿನ್ನುತ್ತದೆ.

ಕಂಪ್ರೆಸರ್ ಗುಡುಗುತ್ತದೆ. ರಬ್ಬರು ಬೆರೆತ ಡಾಂಬರಿನ ಘಾಟು ಗಂಟಲಿಗೆ ಇಳಿಯುತ್ತದೆ. ಮಾಸ್ಕ್ ಕಟ್ಟಿಕೊಂಡ ಹುಡುಗ ಒಂದು ಅಡಿ ದೂರದಿಂದ ಗನ್ ಆಡಿಸುತ್ತಾನೆ. ಮಂಜಿನಂತೆ ಹಾರಿದ ಕಪ್ಪು ತಗಡಿನ ಮೇಲೆ ತರಿತರಿಯಾಗಿ ಕೂರುತ್ತದೆ. ಒಂದೇ ಸಲ ದಪ್ಪಗೆ ಹೊಡೆದರೆ ಜಾರುತ್ತದೆ, ಮುಂದೆ ಬಿರಿಯುತ್ತದೆ. ಆದ್ದರಿಂದ ತೆಳುವಾಗಿ ಒಂದು ಕೋಟ್, ಬಿಡುವು, ಮತ್ತೊಂದು ಕೋಟ್. ಗನ್ ಮುಟ್ಟದ ಪೊಳ್ಳು ಜಾಗಗಳಿಗೆ ಉದ್ದ ನಳಿಕೆಯಲ್ಲಿ ಮೇಣದ ದ್ರವ ಹೋಗುತ್ತದೆ.

"ಮೊದಲೆಲ್ಲ ಮಳೆಗಾಲಕ್ಕೆ ಹಳೇ ಎಂಜಿನ್ ಆಯಿಲೇ ಹೊಡೀತಿದ್ರು" ಎಂದು ಮಾಷ್ಟ್ರು ನೆನೆಯುತ್ತಾರೆ.

"ಹೊಡೀತಿದ್ರು. ರಬ್ಬರ್ ಬುಷ್ ಎಲ್ಲ ಉಬ್ಬಿ ಹೋಗ್ತಿತ್ತು. ಅಂಗಳದ ಬಾವಿಗೂ ಅದೇ ಎಣ್ಣೆ."

ಹಾಗೆಂದು ಎಲ್ಲ ಕಾರಿಗೂ ಈ ಕಪ್ಪು ಲೇಪ ಬೇಕೆಂದಲ್ಲ. ಹೊಸ ಕಾರಿನ ಬಾಡಿಯನ್ನು ಕಾರ್ಖಾನೆಯಲ್ಲೇ ಪ್ರೈಮರ್ ತೊಟ್ಟಿಯಲ್ಲಿ ಮುಳುಗಿಸಿ, ವಿದ್ಯುತ್ ಹರಿಸಿ ಲೇಪ ಕೂರಿಸಿರುತ್ತಾರೆ. ಹಲವು ಮಾದರಿಗಳಲ್ಲಿ ತಗಡಿಗೆ ಸತುವಿನ ಹೊದಿಕೆಯೂ ಇರುತ್ತದೆ. ಚಿತ್ರದುರ್ಗದ ಒಣ ರಸ್ತೆಯಲ್ಲಿ ಓಡುವ ಹೊಸ ಕಾರಿಗೆ ಶೋರೂಮಿನವರು ಬಿಲ್ಲಿನಲ್ಲಿ ಇದನ್ನೂ ಸೇರಿಸಲು ಬಂದರೆ ಧೈರ್ಯವಾಗಿ ಬೇಡ ಎನ್ನಬಹುದು. ಮಲ್ಪೆ, ಕಾರವಾರ, ಉಳ್ಳಾಲದ ಕಾರಿಗೆ ಮಾತ್ರ ಇದು ದಂಡದ ಖರ್ಚಲ್ಲ.

ಮಾಡಿಸುವುದಿದ್ದರೆ ಮಳೆ ಹಿಡಿಯುವ ಮೊದಲೇ ಮಾಡಿಸಿ. ಒಂದೇ ದಿನದಲ್ಲಿ ಎಲ್ಲ ಮುಗಿಸಿ ಕೊಡುತ್ತೇವೆ ಎನ್ನುವವರಿಗೆ ಕೊಡಬೇಡಿ. ಕಪ್ಪು ಬಳಿಯುವ ಮೊದಲು ಒಮ್ಮೆ ಲಿಫ್ಟಿನ ಕೆಳಗೆ ನಿಂತು ತಗಡು ನೋಡಿ, ಬಳಿದ ಮೇಲೆ ನೀರು ಹೋಗುವ ಆ ತೂತುಗಳ ಕಡ್ಡಿ ತೆಗೆದಿದ್ದಾರೆಯೇ ಎಂದು ಎಣಿಸಿಕೊಂಡೇ ಹಣ ಕೊಡಿ.