ಮೋತಿ ಸಲುವಾಗಿ ಅಲ್ಲ

ನಮ್ಮ ಮನಿಗೆ ಮರಿ ಬಂದಾಗಿಂದ ಓಣ್ಯಾಗ ಎಲ್ಲಾರೂ ಒಂದ ಮಾತು ಹೇಳ್ತಾರ, "ಛಲೋ ಆತು ಬಿಡ್ರಿ, ಮೋತಿಗೆ ಜೋಡಿ ಆತು." ಹೂಂ ಅಂತೀನಿ. ಆದ್ರ ಅದು ಖರೇ ಅಲ್ಲ.

ರಾಜಾ, ಮೋತಿ ಒಂದ ಸೂಲಿನ ಮರಿಗೋಳು. ಹದಿಮೂರು ವರ್ಷ ಕೂಡೇ ಬೆಳದ್ವು. ಕಡೀ ವರ್ಷ ರಾಜಾಗ ಕಿಡ್ನಿ ಸೋತಿತ್ತು. ಎಷ್ಟು ನೀರಿಟ್ಟರೂ ಸಾಲ್ತಿರಲಿಲ್ಲ, ರಾತ್ರಿ ಎರಡು ಮೂರು ಸಲ ಕದಾ ತಗೀಬೇಕಿತ್ತು. ನೀರ ಕಮ್ಮಿ ಇಡ್ರಿ ಅಂತ ಹೇಳೋರು ಭಾಳ ಮಂದಿ. ಹಂಗ ಯಾರೂ ಮಾಡಬ್ಯಾಡ್ರಿ. ಸೋತ ಕಿಡ್ನಿ ನೀರ ಹಿಡಿದಿಟ್ಟುಕೊಳ್ಳೂದಿಲ್ಲ, ಹೊರಗ ಹೋದಷ್ಟು ಒಳಗ ಹೋಗಾಕ ಬೇಕು. ಇನ್ನೊಂದು, ಮುದಿ ನಾಯಿ ಕುಂಟತೈತಿ ಅಂತ ನಮ್ಮ ಮಂಡಿನೋವಿನ ಗುಳಿಗಿ ಹಾಕಬ್ಯಾಡ್ರಿ. ಐಬುಪ್ರೊಫೇನ್ ನಾಯಿ ಹೊಟ್ಟಿ, ಕಿಡ್ನಿ ಎರಡನ್ನೂ ಕೆಡಸ್ತೈತಿ. ಮೋತಿ ಫರಸಿ ಮ್ಯಾಲ ಜಾರ್ತಾಳ, ಅದಕ್ಕ ನಾವು ಪಡಸಾಲಿ ತುಂಬ ಹಳೇ ಕೌದಿ ಹಾಸೀವಿ. ಬಂದೋರು ನಗತಾರ, ನಗಲಿ.

ಒಂದು ಮುಂಜಾನೆ ರಾಜಾ ಏಳಲಿಲ್ಲ. ಹಿತ್ತಲದಾಗ ಬೇವಿನ ಗಿಡದ ಬುಡಕ ಮಣ್ಣು ಮಾಡೋಕಿಂತ ಮೊದಲ ನಮ್ಮ ಅತ್ತಿ, "ತಡೀರಿ, ಅಕಿಗೂ ತೋರಸ್ರಿ" ಅಂದ್ರು. ಮೋತಿ ಬಂದು ಮೂಸಿದಳು, ಮೂಸಿ ಸರದು ನಿಂತಳು. ತಿಳೀತು ಅಂದಕೊಂಡ್ವಿ. ಆದ್ರ ಎಂಟು ದಿನ ಅರ್ಧಾ ಭಕ್ರಿ ಬಿಟ್ಟಳು. ಸಂಜೀಕ ಅವ ಮಲಗತಿದ್ದ ಮೂಲಿಗೆ ಹೋಗಿ ಅಲ್ಲೇ ಕುಂತು ಬರ್ತಿದ್ದಳು.

ಆಗಲೇ ಶುರು ಆತು, "ಒಂದು ಮರಿ ತಂದು ಬಿಡ್ರಿ, ಮರೀತಾಳ" ಅನ್ನೋದು. ನನಗ ಸಿಟ್ಟು ಬಂತು. ಅಣ್ಣನ್ನ ಕಳಕೊಂಡ ಮುದುಕಿ ತೊಡಿ ಮ್ಯಾಲ ಎರಡು ವರ್ಷದ ಕೂಸು ಕುಂದರಿಸಿ ಸಮಾಧಾನ ಮಾಡಿಕೋ ಅಂದಂಗ ಅಲ್ಲೇನು? ಮರಿ ಹಲ್ಲು ಸೂಜಿ ಇದ್ದಂಗ. ಬಾಲ ಜಗ್ಗತೈತಿ, ಕಿವಿ ಕಡೀತೈತಿ. ಸೊಂಟ ನೋಯೋ ಜೀವಕ್ಕ ಅದು ಔಷಧ ಹೆಂಗ ಆದೀತು?

ನಾಕು ತಿಂಗಳು ಬಿಟ್ಟು ತಂದ್ವಿ. ಬೇಕಾಗಿದ್ದು ಮೋತಿಗಲ್ಲ, ನನಗ. ರಾತ್ರಿ ಎರಡಕ್ಕ ಎಚ್ಚರಾಗಿ, ಕದಾ ತಗಿಯೋ ಕೆಲಸ ಇಲ್ಲದ ಸುಮ್ನ ಮಲಗೋದು ಆಗ್ತಿರಲಿಲ್ಲ. ಮರಿ ಬ್ಯಾಸರ ನೀಗಿಸ್ಲಿ ಅಂತಲ್ಲ, ಮತ್ತ ಒಬ್ಬರ ಕೆಲಸಾ ಮಾಡಬೇಕನಿಸ್ತು. ಇದನ್ನ ಹೇಳಾಕ ನನಗೇನೂ ನಾಚಿಕಿಲ್ಲ.

ತಂದ ಮ್ಯಾಲ ಮೋತಿ ಪಾಲು ಮೊದಲ. ತಾಟು ಬ್ಯಾರೆ, ಜಾಗಾ ಬ್ಯಾರೆ. ಅಕಿ ಕೌದಿ ಮ್ಯಾಲ ಮರಿ ಹೋಗೂಹಂಗಿಲ್ಲ. ಅಕಿ ಗುರ್ ಅಂದ್ರ ನಾವು ಅಕಿನ್ನ ಬೈಯೂದಿಲ್ಲ, ಮರಿನ್ನ ಎತ್ತತೀವಿ. ಗುರ್ ಅನ್ನೋದು "ಸಾಕು" ಅನ್ನೋ ಮಾತು. ಅದನ್ನ ಬಾಯಿ ಮುಚ್ಚಿಸಿದ್ರ ಮುಂದ ಹೇಳದ ಕೇಳದ ಕಡೀತಾವ. ಮರಿಗೆ ಮೊದಲನೇ ಲಸಿಕಿ ಆಗೇತಿ, ಮೂರು ನಾಕು ವಾರಕ್ಕ ಮತ್ತ ಹಾಕಸ್ಬೇಕು, ಮೂರು ತಿಂಗಳಾದ ಮ್ಯಾಲ ಹುಚ್ಚುನಾಯಿ ರೋಗದ್ದು. ಎಲ್ಲಾ ಮುಗಿಯೂತನಕ ಓಣಿ ನಾಯಿಗೋಳ ಹತ್ರ ಬಿಡೂದಿಲ್ಲ.

ಹೆಸರು ಚಿಂಗಿ ಅಂತ ಇಟ್ಟೀವಿ. ಅತ್ತಿಗೆ ಇನ್ನೂ ಬಾಯಿಗೆ ಹತ್ತಿಲ್ಲ. ನಿನ್ನೆ ಹಾಲು ಹಾಕಿ, ಮರತು "ರಾಜಾ, ಬಾರೋ" ಅಂದ್ರು. ಚಿಂಗಿ ತನ್ನ ಆಟದಾಗ ತಾ ಇತ್ತು. ಮೋತಿ ತಲಿ ಎತ್ತಿ ಬಾಗಲ ಕಡೆ ನೋಡಿದಳು.