ಗುಜರಿಗೆ ಹೋದ ಕೈಬರಹ
ಸೊರಬದ ಹಳೆಯ ಮನೆ ಬಿಟ್ಟು ಶಿಕಾರಿಪುರಕ್ಕೆ ಬರುವಾಗ ಅಜ್ಜನ ಕೈಬರಹದ ಉರ್ದು ಪುಸ್ತಕಗಳನ್ನು ನಾವು ಗುಜರಿಯವನಿಗೆ ತೂಗಿ ಕೊಟ್ಟೆವು. ಮನೆಮಾತು ಉರ್ದುವೇ ಆದರೂ ಆ ಲಿಪಿ ಓದುವವರು ಯಾರೂ ಉಳಿದಿರಲಿಲ್ಲ.

ಪೋಲೆಂಡಿನ ಯಾನ್ ಪೊಟೊಟ್ಸ್ಕಿಯ ದೆವ್ವ-ಭೂತಗಳ ಕಾದಂಬರಿ ‘ಸರಗೋಸಾದಲ್ಲಿ ಸಿಕ್ಕ ಹಸ್ತಪ್ರತಿ’ಯ ಚರಿತ್ರೆ ಓದಿದಾಗ ಆ ಪುಸ್ತಕಗಳು ನೆನಪಾದವು. ಆತ ಬರೆದದ್ದು ಫ್ರೆಂಚಿನಲ್ಲಿ. 1805ರಲ್ಲಿ ಪೀಟರ್ಸ್‌ಬರ್ಗಿನಲ್ಲಿ ಸ್ವಲ್ಪ ಭಾಗ ಅಚ್ಚಾಯಿತು. 1815ರಲ್ಲಿ ಆತ ತೀರಿಕೊಂಡ. ಮೂಲದ ಹಾಳೆಗಳು ಚದುರಿಹೋದವು. ಎಡ್ಮಂಡ್ ಹೊಯೆಟ್ಸ್ಕಿ 1847ರಲ್ಲಿ ತಂದ ಪೋಲಿಷ್ ಅನುವಾದವೇ ಬಹುಕಾಲ ಇಡೀ ಕಥೆಯನ್ನು ಕಾಪಾಡಿತು. ಫ್ರೆಂಚ್ ಪ್ರತಿಗಳನ್ನು ಹುಡುಕಿ, ಜೋಡಿಸಿ, ವಿದ್ವಾಂಸರು ಅಚ್ಚಿಗೆ ತರುವಷ್ಟರಲ್ಲಿ 2006 ಬಂದಿತ್ತು.

ಇಂಥ ಕೆಲಸ ನಮ್ಮ ನಾಡಿನಲ್ಲೂ ನಡೆದಿದೆ. ಇದೇ ಶಿಕಾರಿಪುರ ತಾಲೂಕಿನ ಬಳ್ಳಿಗಾವಿಯ ಅಲ್ಲಮ, ಉಡುತಡಿಯ ಅಕ್ಕಮಹಾದೇವಿಯರ ವಚನಗಳು ತಾಳೆಗರಿಗಳಲ್ಲಿ ಅಡಗಿದ್ದವು. ಫ.ಗು. ಹಳಕಟ್ಟಿಯವರು ಊರೂರು ಅಲೆದು ವಚನಗಳ ಕಟ್ಟುಗಳನ್ನು ಕೂಡಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ ಪ್ರಕಟಿಸಿದರು. ಮುಂದೆ ಮನೆ ಮಾರಿ ಬಿಜಾಪುರದಲ್ಲಿ ಮುದ್ರಣಾಲಯ ಹಾಕಿದರು.

ನಮಗೆ ಓದಲು ಬರುತ್ತಿರಲಿಲ್ಲ, ನಿಜ. ಆದರೆ ಎತ್ತಿಡಲು ಓದು ಬರಬೇಕೆಂದೇನೂ ಇರಲಿಲ್ಲ. ನಿಮ್ಮ ಅಟ್ಟದಲ್ಲಿ ಅಂಥದೊಂದು ಗಂಟಿದ್ದರೆ, ತೂಗುವ ಮುನ್ನ ಓದಬಲ್ಲವರಿಗೊಮ್ಮೆ ತೋರಿಸಿ.