ಕಣ್ಣಿಗೆ ಕೇಳುವ ಮಾತು

ಹಾವೇರಿ ಜಿಲ್ಲೆಯ ಹಾನಗಲ್ಲ ತಾಲೂಕು ಸಂಗೀತಲೋಕಕ್ಕೆ ಇಬ್ಬರು ಮಹನೀಯರನ್ನು ಕೊಟ್ಟಿದೆ. ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಜನಿಸಿದ ಪಂಚಾಕ್ಷರಿ ಗವಾಯಿಗಳು ಒಬ್ಬರು. ದೇವಗಿರಿಯಲ್ಲಿ 1914ರಲ್ಲಿ ಜನಿಸಿದ ಪುಟ್ಟರಾಜ ಗವಾಯಿಗಳು ಇನ್ನೊಬ್ಬರು. ಇಬ್ಬರೂ ಅಂಧರು. ಬಾಲಕ ಪಂಚಾಕ್ಷರಿಯ ಕಂಠವನ್ನು ಮೆಚ್ಚಿ ಅವನ ಸಂಗೀತಶಿಕ್ಷಣಕ್ಕೆ ಏರ್ಪಾಡು ಮಾಡಿದವರು ಹಾನಗಲ್ಲ ಕುಮಾರಸ್ವಾಮಿಗಳು. ಅವರು ಇಲ್ಲದ ಕಣ್ಣಿಗಾಗಿ ಮರುಗುತ್ತ ಕೂಡಲಿಲ್ಲ. ಇದ್ದ ಕಿವಿಗೆ ತಕ್ಕ ದಾರಿಯನ್ನು ತೆರೆದರು.

ಕಣ್ಣಿಲ್ಲದವರಿಗೆ ಕಿವಿ ದಾರಿಯಾದಂತೆ ಕಿವಿ ಕೇಳದವರಿಗೆ ಕಣ್ಣೇ ದಾರಿ. ಈ ಸರಳ ಸತ್ಯವು ಕಚೇರಿ, ಅಂಗಡಿ, ಗಿರಣಿಗಳನ್ನು ಇನ್ನೂ ಪೂರ್ತಿಯಾಗಿ ಮುಟ್ಟಿಲ್ಲ. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು ಸರ್ಕಾರಿ ಉದ್ಯೋಗಗಳಲ್ಲಿ ಕನಿಷ್ಠ ಶೇಕಡ 4ರಷ್ಟನ್ನು ವಿಕಲಚೇತನರಿಗೆ ಮೀಸಲಿಟ್ಟಿದೆ. ಅದರಲ್ಲಿ ಶೇಕಡ 1ರಷ್ಟು ಶ್ರವಣದೋಷವುಳ್ಳವರಿಗೆ ಸಲ್ಲುತ್ತದೆ. ಅವರಿಗೆ ಅನುಕೂಲವಾದ ವಾತಾವರಣವನ್ನು ಕಲ್ಪಿಸಬೇಕೆಂದೂ ಅದು ವಿಧಿಸಿದೆ. ಆದರೆ ಕಾಯಿದೆಯು ಕುರ್ಚಿಯನ್ನು ಕೊಡಬಲ್ಲುದು. ಸಹೋದ್ಯೋಗಿಗಳ ಸ್ನೇಹವನ್ನು ಕೊಡಲಾರದು.

ಕಿವಿ ಕೇಳದ ಗುಮಾಸ್ತನೊಬ್ಬನ ಸ್ಥಿತಿಯನ್ನು ಊಹಿಸಬಹುದು. ಸಭೆಯಲ್ಲಿ ಆದ ತೀರ್ಮಾನ ಎಲ್ಲರಿಗೂ ತಿಳಿದಿದೆ, ಅವನಿಗೆ ತಿಳಿದಿಲ್ಲ. ಚಹದ ವೇಳೆಯಲ್ಲಿ ಎಲ್ಲರೂ ನಗುತ್ತಾರೆ. ಏನೆಂದು ಅವನು ನೋಟದಿಂದಲೇ ಕೇಳಿದರೆ, ಏನೂ ಇಲ್ಲವೆಂದು ಕೈಯಾಡಿಸಿಬಿಡುತ್ತಾರೆ. ಕೆಲಸದಲ್ಲಿ ತಪ್ಪಾದಾಗ ಮಾತ್ರ ಎಲ್ಲರ ದೃಷ್ಟಿಯೂ ಅವನತ್ತ ತಿರುಗುತ್ತದೆ. ಹತ್ತು ಜನರ ನಡುವೆ ಇದ್ದೂ ಅವನು ಒಂಟಿ. ಅವನನ್ನು ಕುಗ್ಗಿಸುವುದು ಕಿವುಡುತನಕ್ಕಿಂತ ಹೆಚ್ಚಾಗಿ ಈ ಉಪೇಕ್ಷೆಯೇ.

ಗಟ್ಟಿಯಾಗಿ ಕೂಗಿದರೆ ಸಾಕು, ತುಟಿಯ ಚಲನೆಯಿಂದ ಎಲ್ಲವೂ ತಿಳಿಯುತ್ತದೆಂದು ಹಲವರು ಭಾವಿಸುತ್ತಾರೆ. ಕೂಗುವಾಗ ತುಟಿಯ ಆಕಾರ ಕೆಡುತ್ತದೆ. ಮೇಲಾಗಿ ಪ, ಬ, ಮ ಎಂಬ ಅಕ್ಷರಗಳು ತುಟಿಯ ಮೇಲೆ ಒಂದೇ ಬಗೆಯಾಗಿ ಕಾಣುತ್ತವೆ. ಅಂಗಳದಲ್ಲಿ ಕಾಳಿನ ಚೀಲಗಳಿರುವಾಗ ‘ಮಳೆ’ ಎಂದು ಕೂಗಿದರೆ ಅದು ‘ಬಳೆ’ ಎಂದು ತೋರಬಹುದು. ಆಕಾಶದತ್ತ ಬೆರಳು ತೋರಿಸಿದರೆ ಸಂದೇಹಕ್ಕೆ ಎಡೆಯೇ ಇರದು.

ಇದಕ್ಕೆ ಬೇಕಾದ ಏರ್ಪಾಡುಗಳು ಹೆಚ್ಚು ಖರ್ಚಿನವಲ್ಲ. ಮಾತಾಡುವವರು ಬೆಳಕಿಗೆ ಮುಖಮಾಡಿ ನಿಲ್ಲಬೇಕು. ಸಭೆಯಲ್ಲಿ ಒಬ್ಬರಾದ ಮೇಲೆ ಒಬ್ಬರು ಮಾತಾಡಬೇಕು. ತೀರ್ಮಾನಗಳನ್ನು ಹಲಗೆಯ ಮೇಲೆ ಬರೆಯಬೇಕು. ಅಪಾಯವನ್ನು ಸಾರುವ ಗಂಟೆಯೊಡನೆ ಮಿನುಗುವ ದೀಪವೂ ಇರಬೇಕು. ಇವುಗಳಿಂದ ಕೇಳುವವರ ಕೆಲಸವೂ ಹಸನಾಗುತ್ತದೆ.

ಸನ್ನೆಭಾಷೆಯನ್ನು ಕಲಿಯುವುದು ಇನ್ನೂ ಶ್ರೇಷ್ಠವಾದ ಮಾರ್ಗ. ಅದು ಬರಿಯ ಅಭಿನಯವಲ್ಲ. ತನ್ನದೇ ವ್ಯಾಕರಣವುಳ್ಳ ಭಾಷೆ. ದೆಹಲಿಯಲ್ಲಿ 2015ರಲ್ಲಿ ಸ್ಥಾಪಿತವಾದ ಭಾರತೀಯ ಸನ್ನೆಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರವು 2018ರಲ್ಲಿ 3,000 ಪದಗಳ ನಿಘಂಟನ್ನು ಹೊರತಂದಿತು. 2021ರ ವೇಳೆಗೆ ಅದು 10,000 ಪದಗಳಿಗೆ ಬೆಳೆಯಿತು. ಸಹೋದ್ಯೋಗಿಯು ಅಷ್ಟನ್ನೂ ಕಲಿಯಬೇಕಾಗಿಲ್ಲ. ‘ಊಟವಾಯಿತೇ?’ ಎಂದು ಕೈಯಿಂದ ಕೇಳಲು ಬಂದರೂ ಸ್ನೇಹಕ್ಕೆ ಅದು ಒಳ್ಳೆಯ ಆರಂಭ.

ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರುಗಳ ಶಾಲೆಗಳಲ್ಲಿ ಇಂದು ಓದುತ್ತಿರುವ ಮಕ್ಕಳೇ ನಾಳೆ ಅಲ್ಲಿನ ಕಚೇರಿಗಳ ಅಧಿಕಾರಿಗಳು, ಅಂಗಡಿಗಳ ಮಾಲೀಕರು. ಕಿವಿ ಕೇಳದವರೊಬ್ಬರು ಕೆಲಸ ಕೇಳಿಕೊಂಡು ಅವರ ಬಾಗಿಲಿಗೆ ಬರುವ ದಿನ ದೂರವಿಲ್ಲ. ಅಂದು ಕನಿಕರದಿಂದ ಮುಖ ತಿರುಗಿಸದೆ, ಎದುರಿಗೆ ಕುಳಿತು, ಕಣ್ಣಿಗೆ ತಿಳಿಯುವಂತೆ ಮಾತಾಡುವುದೇ ನಿಜವಾದ ವಿದ್ಯೆಯ ಲಕ್ಷಣ.